ಏಳು ಸಲ ಒತ್ತಿದರೆ ಡೆವಲಪರ್

(ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರೂ ಒಮ್ಮೆ ಫೋನ್ ಹೊರಗೆ ತೆಗೆಯಿರಿ. ಪ್ರಾಂಶುಪಾಲರು ಕ್ಷಮಿಸಬೇಕು, ಎರಡೇ ನಿಮಿಷ. ಆಂಡ್ರಾಯ್ಡ್ ಫೋನ್ ಇದ್ದವರು ಸೆಟ್ಟಿಂಗ್ಸ್‌ಗೆ ಹೋಗಿ, ಫೋನಿನ ವಿವರ ಇರುವ ಪುಟದಲ್ಲಿ ‘ಬಿಲ್ಡ್ ನಂಬರ್’ ಎಂಬ ಸಾಲನ್ನು ಹುಡುಕಿ. ಕೆಲವು ಫೋನುಗಳಲ್ಲಿ ಅದು ಇನ್ನೊಂದು ಪುಟದ ಒಳಗೆ ಅಡಗಿರುತ್ತದೆ. ಸಿಕ್ಕಿತೇ? ಅದರ ಮೇಲೆ ಏಳು ಸಲ ಒತ್ತಿ. ಫೋನು ನಿಮ್ಮ ಗುಪ್ತಸಂಖ್ಯೆ ಕೇಳಬಹುದು, ಕೊಡಿ. ಈಗ ಪರದೆಯ ಕೆಳಗೆ ಒಂದು ಸಾಲು ಮೂಡಿರಬೇಕು: ನೀವೀಗ ಡೆವಲಪರ್.

ನನಗೆ ಆ ಬಿರುದನ್ನು ಮೊದಲು ಕೊಟ್ಟದ್ದು ಫೋನೇ. ಅದಾದ ಮೇಲೆ ಒಬ್ಬ ಮನುಷ್ಯನ ಬಾಯಿಂದ ಅದೇ ಮಾತು ಕೇಳಲು ಒಂದೂಮುಕ್ಕಾಲು ವರ್ಷ ಹಿಡಿಯಿತು. ಆ ನಡುವಿನ ಕಾಲದಲ್ಲಿ ಏನಾಯಿತು ಎನ್ನುವುದಷ್ಟೇ ಇವತ್ತಿನ ನನ್ನ ವಿಷಯ. ಆಮಂತ್ರಣ ಪತ್ರಿಕೆಯಲ್ಲಿ ‘ಆನ್‌ಲೈನ್ ತರಬೇತಿಯ ಮೂಲಕ ಮೊಬೈಲ್ ಆ್ಯಪ್ ಕ್ಷೇತ್ರದಲ್ಲಿ ವೃತ್ತಿ ಅವಕಾಶಗಳು’ ಎಂದು ದೊಡ್ಡದಾಗಿ ಅಚ್ಚು ಮಾಡಿದ್ದಾರೆ. ಅಷ್ಟು ದೊಡ್ಡ ಮಾತು ನನ್ನ ಹತ್ತಿರ ಇಲ್ಲ. ಇನ್ನೊಂದು ಭರವಸೆಯನ್ನೂ ಮೊದಲೇ ಕೊಟ್ಟುಬಿಡುತ್ತೇನೆ. ಈ ಊರಿಗೆ ಭಾಷಣಕ್ಕೆ ಬಂದವರೆಲ್ಲ ಬೆಣ್ಣೆ ದೋಸೆಯ ಉಪಮೆ ಕೊಟ್ಟೇ ಕೊಡುತ್ತಾರೆ. ನಾನು ಕೊಡುವುದಿಲ್ಲ. ಮಂಡಕ್ಕಿಯ ಮಾತು ಮಾತ್ರ ಬರುತ್ತದೆ, ಅದು ಉಪಮೆಯಲ್ಲ.

ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನಾನು ಹುಟ್ಟಿದ್ದೂ ಅದೇ ವರ್ಷ. ಬಿ.ಕಾಂ. ಮುಗಿಸಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಮೆಕ್ಕೆಜೋಳ ಬರುವ ಕಾಲದಲ್ಲಿ ರಾತ್ರಿ ಹತ್ತರವರೆಗೆ ಕೆಲಸ, ಉಳಿದ ದಿನಗಳಲ್ಲಿ ಮಧ್ಯಾಹ್ನ ಮೂರಕ್ಕೇ ಆಕಳಿಕೆ. ಎಂಜಿನಿಯರಿಂಗ್ ಓದಿದ ಗೆಳೆಯರು ಒಬ್ಬೊಬ್ಬರಾಗಿ ಬೆಂಗಳೂರಿನ ರೈಲು ಹತ್ತಿದ್ದರು. ಹಬ್ಬಕ್ಕೆ ಬಂದಾಗ ಅವರ ಮಾತು ಕೇಳಿ ಕೇಳಿ ನನಗೂ ಆಸೆ ಹುಟ್ಟಿತು. ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಆಸೆ ಹುಟ್ಟಿದವನ ಫೋನಿಗೆ ಜಾಹೀರಾತು ಹೇಗೆ ಬರುತ್ತದೆಯೋ ದೇವರಿಗೇ ಗೊತ್ತು. 2019ರಲ್ಲಿ ಒಂದು ಆನ್‌ಲೈನ್ ತರಬೇತಿಯವರು ಕರೆ ಮಾಡಿದರು. ಆರು ತಿಂಗಳ ಪಾಠ, ಕೆಲಸ ಖಚಿತ, ಹಣ ಈಗಲೇ ಬೇಡ, ಕಂತಿನಲ್ಲಿ ಕೊಡಿ ಎಂದರು. ಮಾತನಾಡಿದ ಹುಡುಗಿ ನನ್ನನ್ನು ‘ಸರ್’ ಎಂದು ಕರೆದಳು. ಅದುವರೆಗೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಸಹಿ ಹಾಕಿದೆ.

ಆಮೇಲೆ ತಿಳಿದದ್ದು ಇಷ್ಟು. ಆ ಕಂತು ತರಬೇತಿಯವರಿಗೆ ಕೊಡುವ ಶುಲ್ಕವಾಗಿರಲಿಲ್ಲ. ನನ್ನ ಹೆಸರಿನಲ್ಲಿ ಬೇರೊಂದು ಹಣಕಾಸು ಕಂಪನಿಯಿಂದ ಸಾಲ ಎತ್ತಿ ಅವರು ತಮ್ಮ ದುಡ್ಡನ್ನು ಒಂದೇ ಸಲಕ್ಕೆ ಪಡೆದುಕೊಂಡಿದ್ದರು. ಮೂರನೆಯ ತಿಂಗಳಿನಲ್ಲಿ ಪಾಠ ಹೇಳುವವರು ಬದಲಾದರು, ನಾಲ್ಕನೆಯ ತಿಂಗಳಿನಲ್ಲಿ ತರಗತಿಯೇ ನಿಂತಿತು. ಕಂತು ನಿಲ್ಲಲಿಲ್ಲ. ನಿಲ್ಲುವುದೂ ಇಲ್ಲ, ಏಕೆಂದರೆ ಸಾಲ ಕೊಟ್ಟವನಿಗೂ ಪಾಠಕ್ಕೂ ಸಂಬಂಧವಿಲ್ಲ. ‘ಕೆಲಸ ಖಚಿತ’ ಎಂಬುದರ ಅರ್ಥ ಒಪ್ಪಂದದ ಒಂಬತ್ತನೆಯ ಪುಟದಲ್ಲಿ ‘ಸಂದರ್ಶನಕ್ಕೆ ನೆರವು’ ಎಂದಾಗಿತ್ತು. ಮಂಡಿಯಲ್ಲಿ ದಿನವೂ ಸಾಲದ ಪತ್ರ ನೋಡುವವನು ತನ್ನ ಪತ್ರವನ್ನು ಮಾತ್ರ ಓದಲಿಲ್ಲ. ಅಪ್ಪ ಒಂದು ವಾರ ಮಾತು ಬಿಟ್ಟಿದ್ದರು.

ಹಣ ಕೊಟ್ಟು ಕಲಿಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: ತಿಂಗಳ ಕಂತು ಯಾರ ಖಾತೆಗೆ ಹೋಗುತ್ತದೆ? ಉತ್ತರದಲ್ಲಿ ಮೂರನೆಯವರ ಹೆಸರು ಬಂದರೆ ಅದು ಸಾಲ. ‘ಇಂದೇ ಸೇರಿದರೆ ರಿಯಾಯಿತಿ’ ಎಂದರೆ ನಾಳೆ ಕರೆ ಮಾಡಿ ನೋಡಿ. ರಿಯಾಯಿತಿ ಇನ್ನೂ ಅಲ್ಲೇ ಕುಳಿತಿರುತ್ತದೆ.

ನನಗೆ ನಿಜವಾಗಿ ಪಾಠ ಸಿಕ್ಕಿದ್ದು ಒಂದು ಪೈಸೆಯೂ ಇಲ್ಲದ ಕಡೆ. 2020ರ ಲಾಕ್‌ಡೌನ್, ಮಂಡಿಗೆ ಬೀಗ. ಆಂಡ್ರಾಯ್ಡ್‌ನ ಅಧಿಕೃತ ಜಾಲತಾಣದಲ್ಲಿಯೇ ಗೂಗಲ್‌ನವರು ಹಂತಹಂತವಾಗಿ ಕಲಿಸುವ ಪಾಠಗಳನ್ನು ಇಟ್ಟಿದ್ದಾರೆ. ಈಗ ಅದು ‘ಆಂಡ್ರಾಯ್ಡ್ ಬೇಸಿಕ್ಸ್ ವಿತ್ ಕಂಪೋಸ್’ ಎಂಬ ಹೆಸರಿನಲ್ಲಿದೆ. ಪ್ರೋಗ್ರಾಮಿಂಗ್ ಎಂದರೇನು ಎಂದೇ ತಿಳಿಯದವರಿಗೂ ಮೊದಲ ಸಾಲಿನಿಂದ ಕಲಿಸುತ್ತದೆ. ಕಂಪ್ಯೂಟರ್ ವಿಜ್ಞಾನದ ತಳಪಾಯ ಬೇಕೆನಿಸಿದರೆ ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಎಂಬ ಪಾಠಮಾಲೆ ಉಚಿತವಾಗಿದೆ. ನಮ್ಮದೇ ಐಐಟಿ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯವರ ಎನ್‌ಪಿಟೆಲ್ ಇದೆ. ಅಲ್ಲಿ ಪಾಠ ಕೇಳುವುದಕ್ಕೆ ಶುಲ್ಕವಿಲ್ಲ, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವುದಕ್ಕೆ ಮಾತ್ರ ಇದೆ. ಇಂಗ್ಲಿಷ್ ಕಿವಿಗೆ ಕಷ್ಟವಾದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡವೂ ಸೇರಿ ನಮ್ಮ ಭಾಷೆಗಳಲ್ಲಿ ಧ್ವನಿ ಕೊಟ್ಟ ಪಾಠಗಳಿವೆ. ಪಾಠಕ್ಕೆ ಬರವಿಲ್ಲ. ಬರ ಬರುವುದು ಬೇರೆ ಕಡೆ.

ಎಂಟು ತಿಂಗಳಿನಲ್ಲಿ ನಾನು ಹನ್ನೊಂದು ಆ್ಯಪ್ ಮಾಡಿದ್ದೆ. ಹವಾಮಾನ ತೋರಿಸುವುದು, ಕ್ಯಾಲ್ಕುಲೇಟರ್, ಮಾಡಬೇಕಾದ ಕೆಲಸಗಳ ಪಟ್ಟಿ, ದಾಳ ಉರುಳಿಸುವುದು. ಎಲ್ಲವೂ ವಿಡಿಯೊ ನೋಡಿ ಮಾಡಿದವು. ವಿಡಿಯೊದವನು ಒಂದು ಸಾಲು ಬರೆಯುತ್ತಾನೆ, ನಿಲ್ಲಿಸಿ ನಾನೂ ಬರೆಯುತ್ತೇನೆ. ಅವನದು ಓಡುತ್ತದೆ, ನನ್ನದೂ ಓಡುತ್ತದೆ. ನನಗೆ ಎಲ್ಲ ಬರುತ್ತದೆ ಎಂದು ಗಟ್ಟಿಯಾಗಿ ನಂಬಿದ್ದೆ. ಒಂದು ಸಂಜೆ ಇಂಟರ್ನೆಟ್ ಇರಲಿಲ್ಲ. ಹೊಸ ಯೋಜನೆ ತೆರೆದು, ಎರಡು ಅಂಕಿ ಕೂಡುವ ಪರದೆಯನ್ನು ನಾನೇ ಬರೆಯೋಣ ಎಂದು ಕುಳಿತೆ. ಮುಕ್ಕಾಲು ಗಂಟೆಯಾದರೂ ಪರದೆ ಖಾಲಿ. ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಹನ್ನೊಂದು ಆ್ಯಪ್ ಮಾಡಿದವನಿಗೆ!

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನದಿಂದ ಒಂದು ಪದ್ಧತಿ ಹಾಕಿಕೊಂಡೆ. ವಿಡಿಯೊ ಇಪ್ಪತ್ತು ನಿಮಿಷ ನೋಡುವುದು, ಮುಚ್ಚುವುದು, ನೋಡಿದ್ದನ್ನು ನೆನಪಿನಿಂದ ಬರೆಯುವುದು. ಸಿಕ್ಕಿಬಿದ್ದಾಗ ವಿಡಿಯೊ ತೆರೆಯದೆ ಅಧಿಕೃತ ದಾಖಲೆ ಓದುವುದು. ಕೊನೆಗೆ ಅದರಲ್ಲಿ ಒಂದು ಸಂಗತಿಯನ್ನಾದರೂ ಬದಲಾಯಿಸುವುದು. ಅವನು ಹವಾಮಾನ ತೋರಿಸಿದರೆ ನಾನು ಅದೇ ಪರದೆಯಲ್ಲಿ ಮೆಕ್ಕೆಜೋಳದ ದರ ತೋರಿಸುವುದು. ವೇಗ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ನಾಲ್ಕು ತಿಂಗಳು ಹೀಗೆ ಕಳೆದ ಮೇಲೆ ಖಾಲಿ ಪರದೆಯ ಹೆದರಿಕೆ ಹೋಯಿತು.

ಈಗ ಮಂಡಕ್ಕಿಗೆ ಬರೋಣ. ನನ್ನ ಸೋದರಮಾವನದು ಮಂಡಕ್ಕಿ ಭಟ್ಟಿ. ಈ ಊರಿನವರಿಗೆ ಭಟ್ಟಿಯ ವರ್ಣನೆ ಬೇಡ. ಕಾದ ಮರಳಿಗೆ ಅಕ್ಕಿ ಬಿದ್ದು ಅರಳುವಾಗಿನ ಸದ್ದು, ಹೊಗೆ, ಮೂಗಿಗೆ ಏರುವ ಹೊಟ್ಟಿನ ಧೂಳು ನಿಮಗೆ ಗೊತ್ತು. ಅಲ್ಲಿಂದ ಚೀಲಗಟ್ಟಲೆ ಮಂಡಕ್ಕಿ ಮಿರ್ಚಿ ಗಾಡಿಗಳಿಗೆ, ಸಣ್ಣ ಅಂಗಡಿಗಳಿಗೆ, ಅಕ್ಕಪಕ್ಕದ ಊರುಗಳ ಸಂತೆಗಳಿಗೆ ಹೋಗುತ್ತದೆ. ಬಹುಪಾಲು ಉದ್ರಿ. ಉದ್ರಿಯ ಲೆಕ್ಕ ಉದ್ದನೆಯ ಕೆಂಪು ರಟ್ಟಿನ ಪುಸ್ತಕದಲ್ಲಿ. ‘ಮಾವ, ನಾನು ಇದನ್ನೆಲ್ಲ ಫೋನಿಗೆ ಹಾಕಿಕೊಡುತ್ತೇನೆ’ ಎಂದೆ. ‘ಹಾಕಪ್ಪಾ, ಮನೆಯಲ್ಲಿ ಸುಮ್ಮನೆ ಕೂತಿದ್ದೀಯಲ್ಲ’ ಎಂದರು.

ಮೂರು ವಾರದಲ್ಲಿ ಆ್ಯಪ್ ಸಿದ್ಧವಾಯಿತು. ಹೆಸರು, ಚೀಲ, ದರ, ಕೊಟ್ಟದ್ದು, ಬಾಕಿ. ಮನೆಯಲ್ಲಿ ನೂರು ಸಲ ಓಡಿಸಿ ನೋಡಿದ್ದೆ. ಭಟ್ಟಿಗೆ ತೆಗೆದುಕೊಂಡು ಹೋದ ಮೊದಲ ದಿನ ಮಾವ ಒಬ್ಬರ ಹೆಸರು, ಹನ್ನೆರಡು ಚೀಲ, ದರ ಎಲ್ಲ ತುಂಬಿದರು. ಅಷ್ಟರಲ್ಲಿ ಯಾರೋ ಕರೆದರು. ಫೋನನ್ನು ತಕ್ಕಡಿಗೆ ಅಡ್ಡಲಾಗಿ ಒರಗಿಸಿಟ್ಟು ಹೋದರು. ವಾಪಸ್ ಬಂದು ನೋಡಿದರೆ ತುಂಬಿದ್ದೆಲ್ಲ ಮಾಯ.

ಆಂಡ್ರಾಯ್ಡ್ ಕಲಿತ ಪ್ರತಿಯೊಬ್ಬನಿಗೂ ಒಮ್ಮೆ ಆಗುವ ಅವಮಾನ ಇದು. ಫೋನ್ ಅಡ್ಡ ತಿರುಗಿದಾಗ ಆಂಡ್ರಾಯ್ಡ್ ಆಗಿನ ಪರದೆಯನ್ನು ಕಿತ್ತುಹಾಕಿ ಹೊಸ ಅಗಲಕ್ಕೆ ಮತ್ತೆ ಕಟ್ಟುತ್ತದೆ. ಆ ಪರದೆಯ ಹೊಟ್ಟೆಯಲ್ಲೇ ನೀವು ಮಾಹಿತಿ ಇಟ್ಟಿದ್ದರೆ ಅದೂ ಹೋಗುತ್ತದೆ. ಮಾಹಿತಿಯನ್ನು ಪರದೆಯ ಹೊರಗೆ, ‘ವ್ಯೂಮಾಡೆಲ್’ ಎಂಬ ಜಾಗದಲ್ಲಿ ಇಡಬೇಕು. ಇದನ್ನು ವಿಡಿಯೊದಲ್ಲಿ ಎರಡು ಸಲ ನೋಡಿದ್ದೆ, ಪರೀಕ್ಷೆಯಲ್ಲಿ ಬಂದಿದ್ದರೆ ಬರೆಯುತ್ತಲೂ ಇದ್ದೆ. ಮನೆಯಲ್ಲಿ ಪರೀಕ್ಷಿಸುವಾಗ ಫೋನನ್ನು ನೆಟ್ಟಗೆ ಹಿಡಿದುಕೊಂಡೇ ಕುಳಿತಿದ್ದೆ. ತಕ್ಕಡಿಗೆ ಒರಗಿಸಲಿಲ್ಲ.

ಎರಡನೆಯ ತಪ್ಪು ಕನ್ನಡದ್ದು. ಪಟ್ಟಿಯಲ್ಲಿ ಹೆಸರು ಉದ್ದವಾದರೆ ಬಾಕಿಯ ಅಂಕಿ ಪಕ್ಕಕ್ಕೆ ಸರಿಯುತ್ತದೆಂದು ಹೆಸರನ್ನು ಎಂಟು ಅಕ್ಷರಕ್ಕೆ ಕತ್ತರಿಸುವ ಸಾಲು ಬರೆದಿದ್ದೆ. ‘ದಾವಣಗೆರೆ’ಯಲ್ಲಿ ಐದೇ ಅಕ್ಷರ, ಎಂಟು ಧಾರಾಳ ಎಂಬುದು ನನ್ನ ಲೆಕ್ಕ. ಕಂಪ್ಯೂಟರ್ ನಮ್ಮ ಹಾಗೆ ಎಣಿಸುವುದಿಲ್ಲ. ಅಕ್ಷರಗಳಿಗೆ ಕಂಪ್ಯೂಟರ್ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕಾಗುಣಿತದ ಚಿಹ್ನೆಗೂ ಒತ್ತಿಗೆ ಬೇಕಾದ ಅರ್ಧಚಿಹ್ನೆಗೂ ಪ್ರತ್ಯೇಕ ಸಂಕೇತ. ದಾವಣಗೆರೆ ಎಂದರೆ ಅದಕ್ಕೆ ಎಂಟು. ಅಷ್ಟರಲ್ಲೇ ಮುಗಿಯಿತಲ್ಲ, ಆದ್ದರಿಂದ ನನಗೆ ಸುಳಿವೇ ಸಿಗಲಿಲ್ಲ. ಚಿತ್ರದುರ್ಗ ಎಂದರೆ ನಮ್ಮ ಕಣ್ಣಿಗೆ ನಾಲ್ಕು, ಅದಕ್ಕೆ ಹತ್ತು. ಮಾವ ‘ಚಿತ್ರದುರ್ಗದ ಗಾಡಿ’ ಎಂದು ಬರೆದರು, ಪಟ್ಟಿಯಲ್ಲಿ ‘ಚಿತ್ರದುರ’ ಎಂದು ಬಂತು. ಅರ್ಕಾವತ್ತು ಇಲ್ಲ, ಗ ಇಲ್ಲ. ಮಾವ ಓದಿದ್ದು ಏಳನೆಯ ತರಗತಿಯವರೆಗೆ. ‘ಇಷ್ಟು ಓದಿದ್ದೀಯ, ದುರ್ಗಕ್ಕೆ ಒತ್ತು ಕೊಡಲು ಬರುವುದಿಲ್ಲವೇ?’ ಎಂದು ಹಮಾಲರ ಮುಂದೆಯೇ ಕೇಳಿದರು. ಹೆಸರನ್ನು ನಾವು ಕತ್ತರಿಸಲೇಬಾರದು. ಪರದೆಯೇ ಅಗಲ ನೋಡಿಕೊಂಡು ಮೊಟಕು ಮಾಡುವ ವ್ಯವಸ್ಥೆ ಆಂಡ್ರಾಯ್ಡ್‌ನಲ್ಲಿ ಇದೆ. ಇಂಗ್ಲಿಷ್ ಹೆಸರುಗಳಿಟ್ಟು ಕಲಿಸುವ ಪಾಠಗಳಲ್ಲಿ ಈ ತಪ್ಪು ಬಯಲಿಗೆ ಬರುವ ಪ್ರಶ್ನೆಯೇ ಇಲ್ಲ.

ಭಟ್ಟಿಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ ಎಂಬುದು, ಧೂಳು ಮೆತ್ತಿದ ಹೆಬ್ಬೆರಳಿಗೆ ನನ್ನ ನಾಜೂಕು ಗುಂಡಿಗಳು ಸಿಗುವುದಿಲ್ಲ ಎಂಬುದು, ಹಣವನ್ನು ದಶಮಾಂಶದಲ್ಲಿ ಇಡದೆ ಪೈಸೆಯ ಪೂರ್ಣಾಂಕವಾಗಿ ಇಡಬೇಕು ಎಂಬುದು, ಹೀಗೆ ಸಣ್ಣಪುಟ್ಟವು ಬಹಳ. ಅವನ್ನೆಲ್ಲ ಬಿಡುತ್ತೇನೆ. ಒಂದನ್ನು ಮಾತ್ರ ವಿವರವಾಗಿ ಹೇಳಬೇಕು.

ಎರಡು ತಿಂಗಳು ಆ್ಯಪ್ ಚೆನ್ನಾಗಿಯೇ ನಡೆಯಿತು. ಒಂದು ಭಾನುವಾರ ಸಂಜೆ ಗಾಡಿಯವರೊಬ್ಬರು ಬಂದರು. ‘ಮಂಗಳವಾರ ಎರಡು ಚೀಲ ವಾಪಸ್ ಕೊಟ್ಟಿದ್ದೇನೆ, ಅದನ್ನು ಲೆಕ್ಕದಲ್ಲಿ ಕಳೆದಿಲ್ಲ’ ಎಂದರು. ಮಾವ ಕಳೆದಿದ್ದರು. ಆ ಸಾಲಿನ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಅಳಿಸುವ ಸೌಲಭ್ಯವನ್ನು ನಾನೇ ಹೆಮ್ಮೆಯಿಂದ ಮಾಡಿಕೊಟ್ಟಿದ್ದೆ, ಅದನ್ನೇ ಬಳಸಿದ್ದರು. ಬಾಕಿಯ ಮೊತ್ತ ಸರಿಯಾಗಿಯೇ ಇತ್ತು. ಆದರೆ ತೋರಿಸಲು ಏನೂ ಇರಲಿಲ್ಲ. ಎರಡು ಚೀಲ ಹೋದದ್ದೂ ಇಲ್ಲ, ಬಂದದ್ದೂ ಇಲ್ಲ. ಅವರು ನಂಬಲಿಲ್ಲ. ಹದಿನೈದು ವರ್ಷದ ಗಿರಾಕಿ, ದನಿ ಏರಿತು. ಕೊನೆಗೆ ಮಾವ ಎರಡು ಚೀಲದ ದುಡ್ಡನ್ನು ಇನ್ನೊಮ್ಮೆ ಕಳೆದು ಕಳುಹಿಸಿದರು.

ಅವರು ಹೋದ ಮೇಲೆ ಮಾವ ನನ್ನನ್ನು ಬೈಯಲಿಲ್ಲ. ಮೊಳೆಗೆ ನೇತುಹಾಕಿದ್ದ ಹಳೆಯ ಕೆಂಪು ಪುಸ್ತಕ ತೆಗೆದು ಒಂದು ಪುಟ ತೋರಿಸಿದರು. ನೀಲಿ ಶಾಯಿಯಲ್ಲಿ ಬರೆದ ಸಾಲು, ಅದರ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ‘ವಾಪಸ್’ ಎಂದು ಬರೆದು ತಾರೀಖು. ಗೆರೆಯ ಕೆಳಗೆ ಮೊದಲು ಬರೆದದ್ದು ಸ್ಪಷ್ಟವಾಗಿ ಓದಲು ಬರುತ್ತಿತ್ತು. ‘ಹೊಡೆದು ಹಾಕಿದ್ದು ಕಾಣಬೇಕು. ಕಾಣದಿದ್ದರೆ ಒಂದೋ ನಾನು ಕಳ್ಳ, ಇಲ್ಲವೇ ಅವನು ಕಳ್ಳ’ ಎಂದರು.

ನಾನು ಬಿ.ಕಾಂ. ಓದಿದವನು. ಲೆಕ್ಕದ ಪುಸ್ತಕದಲ್ಲಿ ಅಳಿಸಬಾರದು, ತಿದ್ದುಪಡಿಯನ್ನು ಇನ್ನೊಂದು ನಮೂದಾಗಿಯೇ ಬರೆಯಬೇಕು ಎಂದು ಮೊದಲ ವರ್ಷದಲ್ಲೇ ಓದಿದ್ದೆ. ಮಂಡಿಯಲ್ಲಿ ಎರಡು ವರ್ಷ ಅದನ್ನೇ ಮಾಡಿದ್ದೆ. ಆದರೆ ಕೀಲಿಮಣೆ ಮುಂದೆ ಕುಳಿತ ಕೂಡಲೇ ‘ಕೆಲಸಗಳ ಪಟ್ಟಿ’ಯ ವಿಡಿಯೊದಲ್ಲಿ ನೋಡಿದ್ದೇ ಕೈಗೆ ಬಂತು. ಅಲ್ಲಿ ಕೆಲಸ ಮುಗಿದರೆ ಸಾಲು ಅಳಿಸಿಹೋಗುತ್ತದೆ. ಹಾಲು ತರುವುದಕ್ಕೆ ಅದು ಸರಿ, ಉದ್ರಿಗೆ ಸರಿಯಲ್ಲ. ಒಂದು ವಾರ ಕುಳಿತು ಮತ್ತೆ ಬರೆದೆ. ಯಾವ ಸಾಲೂ ಮಾಯವಾಗುವುದಿಲ್ಲ, ರದ್ದು ಎಂಬ ಗುರುತು ಬೀಳುತ್ತದೆ, ಯಾವಾಗ ರದ್ದಾಯಿತೆಂಬ ತಾರೀಖು ಬೀಳುತ್ತದೆ, ಪರದೆಯಲ್ಲಿ ಅಡ್ಡಗೆರೆಯೊಂದಿಗೆ ಹಾಗೇ ಕಾಣುತ್ತದೆ, ಮೊತ್ತಕ್ಕೆ ಮಾತ್ರ ಸೇರುವುದಿಲ್ಲ. ಇದಕ್ಕೆ ‘ಸಾಫ್ಟ್ ಡಿಲೀಟ್’ ಎಂಬ ಹೆಸರಿದೆ ಎಂದು ನನಗೆ ಗೊತ್ತಾದದ್ದು ಬಹಳ ದಿನಗಳ ಮೇಲೆ.

ಕೆಲಸದ ಅರ್ಜಿಗಳ ಕಥೆ ಬೇಸರದ್ದು, ಬೇಗ ಮುಗಿಸುತ್ತೇನೆ. ಅರವತ್ತಕ್ಕೂ ಹೆಚ್ಚು ಕಡೆ ಹಾಕಿದೆ. ಬಹುತೇಕ ಕಡೆಯಿಂದ ‘ಇಲ್ಲ’ ಎಂಬ ಉತ್ತರವೂ ಬರಲಿಲ್ಲ. ಎಂಜಿನಿಯರಿಂಗ್ ಪದವಿ ಇಲ್ಲದ ಅರ್ಜಿಯನ್ನು ಕೆಲವು ಕಡೆ ಕಂಪ್ಯೂಟರೇ ಬದಿಗೆ ತಳ್ಳುತ್ತದೆ. ಅದು ನಿಜ, ಅದನ್ನು ಮುಚ್ಚಿಟ್ಟು ನಿಮಗೆ ಹುರುಪು ತುಂಬುವುದು ನನ್ನಿಂದಾಗದು. ಐದು ಸಂದರ್ಶನ ಸಿಕ್ಕವು. ನಾಲ್ಕರಲ್ಲಿ ಸೋತೆ. ಐದನೆಯದು ಬೆಂಗಳೂರಿನ ಸಣ್ಣ ಕಂಪನಿ. ಸಂದರ್ಶನ ಮಾಡಿದವರು ನನ್ನ ಪ್ರಮಾಣಪತ್ರಗಳ ಪಟ್ಟಿಯನ್ನು ಕಣ್ಣಾಡಿಸಿ ಬಿಟ್ಟರು. ಬರೆದ ಕೋಡನ್ನು ಬೇರೆಯವರೂ ನೋಡುವಂತೆ ಇಡುವ ಜಾಲತಾಣ ಗಿಟ್‌ಹಬ್‌ನಲ್ಲಿದ್ದ ಉದ್ರಿ ಆ್ಯಪ್ ತೆರೆದು, ‘ಇಲ್ಲಿ ಅಳಿಸುವ ಗುಂಡಿ ಏಕೆ ಇಲ್ಲ?’ ಎಂದು ಕೇಳಿದರು. ಮಂಗಳವಾರದ ಎರಡು ಚೀಲದ ಕಥೆ ಹೇಳಿದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಅರ್ಧಕ್ಕೆ ತೊಡರಿದಾಗ ಅವರೇ ‘ಕನ್ನಡದಲ್ಲೇ ಹೇಳಿ’ ಎಂದರು. ಇಪ್ಪತ್ತು ನಿಮಿಷ ಅದರ ಮೇಲೆಯೇ ಮಾತು. ಕೊನೆಯಲ್ಲಿ ಪಕ್ಕದವರಿಗೆ, ಇವರು ಡೆವಲಪರ್, ಉಳಿದದ್ದನ್ನು ಕಲಿಯುತ್ತಾರೆ ಎಂದರು. ಸಂಬಳ ನಾನು ಅಂದುಕೊಂಡದ್ದಕ್ಕಿಂತ ಕಡಿಮೆ ಇತ್ತು. ಮರುಮಾತಿಲ್ಲದೆ ಒಪ್ಪಿದೆ.

ಒಳಗೆ ಹೋದ ಮೇಲೆ ತಿಳಿದದ್ದು, ಹೊಸ ಆ್ಯಪ್ ಬರೆಯುವುದು ಈ ಕೆಲಸದಲ್ಲಿ ಸಣ್ಣ ಪಾಲು. ಬೇರೆಯವರು ಮೂರು ವರ್ಷದ ಹಿಂದೆ ಬರೆದಿಟ್ಟು ಹೋದದ್ದನ್ನು ಓದುವುದೇ ದೊಡ್ಡ ಪಾಲು. ನನ್ನ ಮೊದಲ ತಿಂಗಳ ಸಾಧನೆ ಒಂದು ಪರದೆಯಲ್ಲಿ ತಾರೀಖು ತಪ್ಪು ಬರುತ್ತಿದ್ದುದನ್ನು ಸರಿಪಡಿಸಿದ್ದು. ಬದಲಾದದ್ದು ಎರಡು ಸಾಲು. ಹುಡುಕಲು ಹಿಡಿದದ್ದು ಒಂಬತ್ತು ದಿನ. ಆದ್ದರಿಂದ ಆನ್‌ಲೈನ್‌ನಲ್ಲಿ ಕಲಿಯುವಾಗಲೇ ದೋಷ ಸಂದೇಶ ಓದುವ ಅಭ್ಯಾಸ ಮಾಡಿಕೊಳ್ಳಿ. ಆ್ಯಪ್ ಕುಸಿದಾಗ, ಫೋನಿನೊಳಗೆ ನಡೆದದ್ದನ್ನು ಸಾಲುಸಾಲಾಗಿ ತೋರಿಸುವ ಲಾಗ್‌ಕ್ಯಾಟ್‌ನಲ್ಲಿ ಕೆಂಪು ಅಕ್ಷರದ ಐವತ್ತು ಸಾಲು ಬಂದು ಬೀಳುತ್ತವೆ. ಹೊಸಬರು ಅದನ್ನು ನೋಡಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಐವತ್ತನ್ನೂ ಓದಬೇಕಾಗಿಲ್ಲ. ‘ಕಾಸ್ಡ್ ಬೈ’, ಅಂದರೆ ‘ಇದರಿಂದಾಗಿ’, ಎಂದು ಎಲ್ಲಿದೆ ನೋಡಿ, ಅದರ ಕೆಳಗೆ ನಿಮ್ಮದೇ ಕಡತದ ಹೆಸರಿರುವ ಮೊದಲ ಸಾಲನ್ನು ನೋಡಿ. ಅಲ್ಲಿ ಸಾಲಿನ ಸಂಖ್ಯೆ ಬರೆದಿರುತ್ತದೆ. ಹೆಚ್ಚಿನ ಸಲ ಕಳ್ಳ ಅಲ್ಲೇ ಸುತ್ತಮುತ್ತ ಇರುತ್ತಾನೆ.

ಯಾವ ಭಾಷೆ ಕಲಿಯಬೇಕು ಎಂದು ಎಲ್ಲರೂ ಕೇಳುತ್ತಾರೆ. ಆಂಡ್ರಾಯ್ಡ್‌ಗೆ ಕೋಟ್ಲಿನ್ ಇದೆ. 2011ರಲ್ಲಿ ಪ್ರಕಟವಾದ ಈ ಭಾಷೆಗೆ 2017ರಲ್ಲಿ ಗೂಗಲ್ ಅಧಿಕೃತ ಬೆಂಬಲ ಕೊಟ್ಟಿತು, ಎರಡು ವರ್ಷದ ಮೇಲೆ ಮೊದಲ ಆದ್ಯತೆಯನ್ನೂ ಕೊಟ್ಟಿತು. ಐಫೋನಿಗೆ ಸ್ವಿಫ್ಟ್. ಎರಡಕ್ಕೂ ಒಂದೇ ಬರವಣಿಗೆ ಸಾಕು ಎನ್ನುವವರಿಗೆ ಡಾರ್ಟ್ ಭಾಷೆಯ ಫ್ಲಟರ್, ಜಾವಾಸ್ಕ್ರಿಪ್ಟ್‌ನ ರಿಯಾಕ್ಟ್ ನೇಟಿವ್. ಎಲ್ಲದರಲ್ಲೂ ಕೆಲಸವಿದೆ. ನನ್ನ ಪಕ್ಷಪಾತ ಕೋಟ್ಲಿನ್ ಕಡೆಗೆ, ಕಾರಣ ಸರಳ: ನಮ್ಮ ಮನೆಗಳಲ್ಲಿರುವುದು ಆಂಡ್ರಾಯ್ಡ್ ಫೋನು. ಐಫೋನಿನ ಆ್ಯಪ್ ಸಿದ್ಧಪಡಿಸುವ ಎಕ್ಸ್‌ಕೋಡ್ ಆಪಲ್ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತದೆ, ಆ್ಯಪ್ ಸ್ಟೋರ್‌ಗೆ ಹಾಕಲು ವರ್ಷಕ್ಕೆ 99 ಡಾಲರ್ ಕಟ್ಟಬೇಕು. ಗೂಗಲ್ ಪ್ಲೇಗೆ ಒಂದೇ ಸಲ 25 ಡಾಲರ್. ಯಾವುದನ್ನಾದರೂ ಹಿಡಿಯಿರಿ, ಒಂದು ವರ್ಷ ಬಿಡಬೇಡಿ. ನಾಲ್ಕನ್ನೂ ಎರಡೆರಡು ತಿಂಗಳು ನೋಡಿದವರನ್ನು ನಾನು ಬಹಳ ಕಂಡಿದ್ದೇನೆ. ಪರಿಚಯಪತ್ರದಲ್ಲಿ ನಾಲ್ಕೂ ಹೆಸರಿರುತ್ತವೆ, ಒಂದರಲ್ಲೂ ಮುಗಿಸಿದ ಆ್ಯಪ್ ಇರುವುದಿಲ್ಲ.

ಪ್ಲೇ ಸ್ಟೋರ್‌ನ ಮಾತು ಬಂತಲ್ಲ, ಒಂದು ನಿಯಮ ಹೇಳಿಬಿಡುತ್ತೇನೆ. 2023ರ ನವೆಂಬರ್ ನಂತರ ವೈಯಕ್ತಿಕ ಖಾತೆ ತೆರೆದವರು ಆ್ಯಪನ್ನು ಎಲ್ಲರಿಗೂ ಬಿಡುಗಡೆ ಮಾಡುವ ಮೊದಲು ಒಂದು ಗುಂಪಿನಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕು. ಮೊದಲು 20 ಜನ ಬೇಕಿತ್ತು, ಈಗ 12. ಇದನ್ನು ಕಾಟ ಎಂದು ಬೈಯುವವರಿದ್ದಾರೆ. ದುಡ್ಡು ಕೊಟ್ಟರೆ ಹನ್ನೆರಡು ಜನರನ್ನು ಒದಗಿಸುತ್ತೇವೆ ಎನ್ನುವ ವ್ಯಾಪಾರವೂ ಶುರುವಾಗಿದೆ. ಹಾಗೆ ಮಾಡಬೇಡಿ. ನಿಮ್ಮ ಹಾಸ್ಟೆಲಿನಲ್ಲಿ, ಓಣಿಯಲ್ಲಿ, ಅಪ್ಪನ ಅಂಗಡಿಯಲ್ಲಿ ಹನ್ನೆರಡು ಜನ ಸಿಗುವುದಿಲ್ಲವೇ? ಅವರಲ್ಲಿ ಒಬ್ಬರಾದರೂ ಫೋನನ್ನು ತಕ್ಕಡಿಗೆ ಒರಗಿಸುವವರು ಇರಲಿ.

ಇನ್ನು ಪ್ರಶ್ನೆಗಳು.

ಮುಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದರು: ‘ಸರ್, ನನ್ನ ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ಮೆಮೊರಿ ಮಾತ್ರ ಇದೆ. ಆಗುತ್ತದೆಯೇ?’

ಆ್ಯಪ್ ಬರೆಯಲು ಬಳಸುವ ತಂತ್ರಾಂಶ ಆಂಡ್ರಾಯ್ಡ್ ಸ್ಟುಡಿಯೊ ಕನಿಷ್ಠ 8 ಜಿಬಿ ಕೇಳುತ್ತದೆ, 16 ಇದ್ದರೆ ಉಸಿರಾಡಬಹುದು. ನಾಲ್ಕರಲ್ಲಿ ತೆರೆಯುವಷ್ಟರಲ್ಲಿ ನೀವು ಊಟ ಮುಗಿಸಿ ಬರಬಹುದು. ಮೊದಲ ಎರಡು ಮೂರು ತಿಂಗಳು ಭಾಷೆಯನ್ನೇ ಕಲಿಯಿರಿ. ಬ್ರೌಸರಿನಲ್ಲೇ ಕೋಟ್ಲಿನ್ ಬರೆದು ಓಡಿಸುವ ‘ಕೋಟ್ಲಿನ್ ಪ್ಲೇಗ್ರೌಂಡ್’ ಇದೆ, ಅದಕ್ಕೆ ನಿಮ್ಮ ಯಂತ್ರ ಸಾಕು. ಆಮೇಲೆ ಹಳೆಯ ಲ್ಯಾಪ್‌ಟಾಪ್‌ಗೆ ಮೆಮೊರಿ ಹಾಕಿಸಲು ಬರುತ್ತದೆಯೇ ಎಂದು ಅಂಗಡಿಯಲ್ಲಿ ವಿಚಾರಿಸಿ, ಹೊಸದಕ್ಕಿಂತ ಎಷ್ಟೋ ಅಗ್ಗ. ಕಂಪ್ಯೂಟರಿನೊಳಗೆ ನಕಲಿ ಫೋನು ತೋರಿಸುವ ಎಮ್ಯುಲೇಟರ್ ತೆರೆಯಲೇಬೇಡಿ, ಮೆಮೊರಿಯನ್ನು ನುಂಗುವುದು ಅದೇ. ಕೇಬಲ್ ಹಾಕಿ ನಿಜವಾದ ಫೋನಿನಲ್ಲೇ ಓಡಿಸಿ. ಏಳು ಸಲ ಒತ್ತಿದ್ದು ಅದಕ್ಕಾಗಿಯೇ, ಫೋನು ಅದಕ್ಕೆ ಅನುಮತಿ ಕೊಡುವ ಆಯ್ಕೆ ತೆರೆದುಕೊಳ್ಳುವುದು ಆಗಲೇ. ಇನ್ನೊಂದು ಮಾತು, ಹೊಸ ಯೋಜನೆಯನ್ನು ಮೊದಲ ಸಲ ಕಟ್ಟುವಾಗ ಅದು ಇಂಟರ್ನೆಟ್‌ನಿಂದ ರಾಶಿ ರಾಶಿ ಇಳಿಸಿಕೊಳ್ಳುತ್ತದೆ. ದಿನದ ಡೇಟಾ ಮುಗಿಯುವ ಹೊತ್ತಿಗೆ ಆ ಕೆಲಸಕ್ಕೆ ಕೈಹಾಕಬೇಡಿ.

ಹಿಂದಿನಿಂದ ಒಬ್ಬರು: ‘ಈಗ ಚಾಟ್‌ಜಿಪಿಟಿಯಂಥವೇ ಆ್ಯಪ್ ಬರೆದುಕೊಡುತ್ತವಲ್ಲ, ನಾವು ಏಕೆ ಕಲಿಯಬೇಕು?’

ಈ ಪ್ರಶ್ನೆ ಬರಲಿ ಎಂದೇ ಕಾಯುತ್ತಿದ್ದೆ. ನಾನು ದಿನವೂ ಬಳಸುತ್ತೇನೆ, ನನ್ನ ಕಚೇರಿಯಲ್ಲಿ ಎಲ್ಲರೂ ಬಳಸುತ್ತಾರೆ. ಹೊಸಬರನ್ನು ತೆಗೆದುಕೊಳ್ಳುವವರ ನಿರೀಕ್ಷೆಯೂ ಅದರಿಂದ ಏರಿದೆ, ಅದು ನಿಮಗೆ ಕಷ್ಟವೇ. ಕಲಿಯುವ ಮೊದಲ ತಿಂಗಳುಗಳಲ್ಲಿ ದೋಷ ಸಂದೇಶದ ಅರ್ಥವನ್ನು ಅದರಿಂದ ಕೇಳಿ, ಆದರೆ ನಿಮ್ಮ ಪರವಾಗಿ ಬರೆಯಲು ಬಿಡಬೇಡಿ. ನನ್ನ ಹನ್ನೊಂದು ಆ್ಯಪ್‌ಗಳ ಕಥೆಯೇ ಇನ್ನೂ ವೇಗವಾಗಿ ನಡೆದುಬಿಡುತ್ತದೆ. ಮೊನ್ನೆ ಕುತೂಹಲಕ್ಕೆಂದು ಅಂಥದ್ದೊಂದಕ್ಕೆ ‘ಸಣ್ಣ ವ್ಯಾಪಾರಿಗೆ ಉದ್ರಿ ಲೆಕ್ಕದ ಆ್ಯಪ್ ಮಾಡಿಕೊಡು’ ಎಂದೆ. ನನಗೆ ಮೂರು ವಾರ ಹಿಡಿದದ್ದನ್ನು ಅದು ಚಹಾ ಆರುವುದರೊಳಗೆ ಬರೆದು ಮುಗಿಸಿತು. ಫೋನ್ ಅಡ್ಡ ತಿರುಗಿಸಿ ನೋಡಿದೆ, ಮಾಹಿತಿ ಹೋಗಲಿಲ್ಲ. ಚಿತ್ರದುರ್ಗಕ್ಕೆ ಒತ್ತೂ ಇತ್ತು. ಬಣ್ಣ, ಜೋಡಣೆ ಎಲ್ಲ ನನ್ನದಕ್ಕಿಂತ ಸೊಗಸು. ಪ್ರತಿ ಸಾಲಿನ ಕೊನೆಗೂ ಒಂದು ಕಸದ ಬುಟ್ಟಿಯ ಚಿತ್ರವಿತ್ತು.

ಕೊನೆಯ ಪ್ರಶ್ನೆ ವಿದ್ಯಾರ್ಥಿಗಳದ್ದಲ್ಲ, ವಾಣಿಜ್ಯ ವಿಭಾಗದ ಮೇಷ್ಟರದ್ದು: ‘ನಿಮ್ಮ ಮಾವ ಈಗಲೂ ಆ ಆ್ಯಪ್ ಬಳಸುತ್ತಾರೆಯೇ?’

ಬಳಸುತ್ತಾರೆ. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಹೊಸ ಲೆಕ್ಕದ ಪುಸ್ತಕದ ಪಕ್ಕದಲ್ಲಿ ಫೋನನ್ನೂ ಇಟ್ಟು ಕುಂಕುಮ ಹಚ್ಚಿದರು. ಕುಂಕುಮ ಸ್ಪೀಕರಿನ ರಂಧ್ರಕ್ಕೆ ಹೋಗಿ ಎರಡು ದಿನ ದನಿ ಗೊಗ್ಗರಾಗಿತ್ತು. ನೀವು ಗಮನಿಸಿದಿರಿ ಎಂದುಕೊಂಡಿದ್ದೇನೆ, ಹೊಸ ಲೆಕ್ಕದ ಪುಸ್ತಕ ಎಂದೆ. ಅವರು ಪುಸ್ತಕವನ್ನು ಬಿಟ್ಟಿಲ್ಲ, ಎರಡರಲ್ಲೂ ಬರೆಯುತ್ತಾರೆ. ತಿಂಗಳ ಕೊನೆಗೆ ಎರಡನ್ನೂ ತಾಳೆ ನೋಡುತ್ತಾರೆ. ಹೋದ ತಿಂಗಳು ನಲವತ್ತು ರೂಪಾಯಿ ವ್ಯತ್ಯಾಸ ಬಂತು. ತಪ್ಪು ಪುಸ್ತಕದ್ದೋ ನನ್ನದೋ ಎಂದು ಇನ್ನೂ ಹುಡುಕುತ್ತಿದ್ದೇನೆ. ಇಲ್ಲಿಂದ ನೇರವಾಗಿ ಭಟ್ಟಿಗೇ ಹೋಗಬೇಕು.